ವರ್ಣಿಕಾಭಂಗವೂ ಗಣಕಯಂತ್ರವೂ

ಚಿತ್ರಕ್ಕೆ ಆರು ಅಂಗಗಳುಂಟೆಂದು ಪ್ರಾಚೀನರ ಮತ. ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನ, ಸಾದೃಶ್ಯ, ವರ್ಣಿಕಾಭಂಗ ಎಂಬಿವನ್ನು ಕಾಮಸೂತ್ರದ ಜಯಮಂಗಲಾ ವ್ಯಾಖ್ಯಾನದಲ್ಲಿ ಯಶೋಧರನು ಎಣಿಸಿದ್ದಾನೆ. ಭಾವ ಲಾವಣ್ಯಾದಿಗಳ ವಿಷಯದಲ್ಲಿ ನಾವು ಆಡುವ ಮಾತು ಬಹಳ. ಕಡೆಯದಾದ ವರ್ಣಿಕಾಭಂಗ, ಎಂದರೆ ಬಣ್ಣವನ್ನು ಅರೆದು ಬೆರೆಸಿ ಕುಂಚದಿಂದ ಹಚ್ಚುವ ಕೈಗೆಲಸ, ಕೂಲಿಯವನ ಪಾಲೆಂಬಂತೆ ಮೂಲೆ ಸೇರಿದೆ. ಗಣಕಯಂತ್ರದಲ್ಲಿ ಚಿತ್ರ ಬರೆಯುವ ಈ ಕಾಲದಲ್ಲಿ ಮೊದಲು ವಿಚಾರಿಸಬೇಕಾದುದು ಅದನ್ನೇ ಎಂದು ನನಗೆ ತೋರುತ್ತದೆ.

ನಮ್ಮ ಜಿಲ್ಲೆಯ ಸಾಗರ ಸೊರಬದ ಕಡೆ ದೀವರ ಹೆಂಗಸರು ಮದುವೆಯ ಕಾಲಕ್ಕೆ ಬರೆಯುವ ಹಸೆಗೋಡೆಯ ಚಿತ್ತಾರವನ್ನು ಬಲ್ಲವರು ಬಲ್ಲರು. ಗೋಡೆಗೆ ಕೆಮ್ಮಣ್ಣು ಬಳಿಯುವರು. ನೆನೆಯಿಟ್ಟ ಅಕ್ಕಿಯನ್ನು ಅರೆದರೆ ಬಿಳುಪು, ಅದೇ ಅಕ್ಕಿಯನ್ನು ಕರಿಯಾಗುವಂತೆ ಹುರಿದು ಅರೆದರೆ ಕಪ್ಪು, ಗುರಿಗೆಕಾಯಿಯಿಂದ ಹಳದಿ. ಪುಂಡಿನಾರೇ ಕುಂಚ. ಉದ್ದನೆಯ ಗೆರೆ ಬೇಕಾದಲ್ಲಿ ನೂಲನ್ನು ಬಣ್ಣದಲ್ಲಿ ಅದ್ದಿ, ಇಬ್ಬರು ಎರಡು ತುದಿ ಹಿಡಿದು ಗೋಡೆಗೆ ಒತ್ತುವರು. ಬಾಗಿಲು ಎಲ್ಲಿದೆ, ಗೋಡೆ ಎಷ್ಟು ಅಗಲ ಎಂಬುದನ್ನು ನೋಡಿಕೊಂಡು ಮನೆಗಳ ಲೆಕ್ಕವನ್ನು ಬರೆಯುವವಳೇ ಆಗಿಂದಾಗ ಕಟ್ಟುತ್ತಾಳೆ. ಪ್ರಮಾಣವೆಂಬ ಅಂಗವು ಇಲ್ಲಿ ವರ್ಣಿಕಾಭಂಗದ ಒಳಗೇ ಅಡಗಿದೆಯೆಂಬುದನ್ನು ಓದುಗರು ಗಮನಿಸಬೇಕು.

ಇತ್ತೀಚೆಗೆ ಅದೇ ಚಿತ್ತಾರವನ್ನು ಫ್ಲೆಕ್ಸ್ ಹಾಳೆಯ ಮೇಲೆ ಅಚ್ಚುಹಾಕಿಸಿ ಮದುವೆಮಂಟಪದ ಹಿಂದೆ ಕಟ್ಟಿದ್ದುದನ್ನು ಕಂಡೆನು. ಬಣ್ಣವು ಹೊಳೆಯುತ್ತಿತ್ತು. ಆದರೆ ಒಂದು ಮೂಲೆಯನ್ನು ಮಾತ್ರ ಬರೆದು, ಅದನ್ನೇ ಮಗುಚಿ ಉಳಿದ ಮೂರನ್ನೂ ಮಾಡಿದ್ದರು. ಮಂಟಪದ ಅಗಲಕ್ಕೆ ಸರಿಹೋಗಲೆಂದು ಇಡಿಯದನ್ನು ಹಿಗ್ಗಿಸಿದ್ದುದರಿಂದ ನಿಂತ ಗೆರೆಗಳು ದಪ್ಪವಾಗಿ, ಮಲಗಿದ ಗೆರೆಗಳು ಹಾಗೆಯೇ ಉಳಿದು, ಚೌಕಗಳೆಲ್ಲ ಚಪ್ಪಟೆಯಾಗಿದ್ದವು. ಅಗಲ ಹೆಚ್ಚಾದರೆ ಗೋಡೆಯ ಮುಂದೆ ನಿಂತವಳು ಇನ್ನೆರಡು ಮನೆ ಬರೆಯುತ್ತಿದ್ದಳು.

ಇದು ಯಂತ್ರದ ದೋಷವೆನ್ನಲಾರೆನು. 1839ರಲ್ಲಿ ದಾಗೇರ್ ಮಹಾಶಯನ ಛಾಯಾಚಿತ್ರವಿಧಾನವು ಪ್ರಕಟವಾದಂದಿನಿಂದಲೂ, ಬೆಳಕೇ ಬರೆಯುವಾಗ ಮನುಷ್ಯನಿಗೇನು ಕೆಲಸವೆಂದು ಮೂಗುಮುರಿದವರುಂಟು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರ ವನ್ಯಜೀವಿ ಚಿತ್ರಗಳನ್ನು ನೋಡಿದವರು ಆ ಮಾತನ್ನು ಆಡಲಾರರು. 36 ಚಿತ್ರಗಳ ಸುರುಳಿಯಿದ್ದ ಕಾಲದಲ್ಲಿ ವಿವೇಕವು ಗುಂಡಿ ಒತ್ತುವ ಮೊದಲು ಬೇಕಾಗಿತ್ತು. ಸಾವಿರ ಚಿತ್ರ ತೆಗೆಯಬಲ್ಲ ಈಗಿನ ಯಂತ್ರದಲ್ಲಿ ಒತ್ತಿದ ಮೇಲೆ, ಆರಿಸುವಾಗ ಬೇಕು. ಕಷ್ಟವು ಸ್ಥಳ ಬದಲಿಸಿತೇ ಹೊರತು ತೀರಲಿಲ್ಲ. ಗಾಜಿನ ಹಲಗೆಯ ಮೇಲೆ ಗೆರೆಗೆರೆಯನ್ನೂ ತಾನೇ ಎಳೆಯುವ ತರುಣನನ್ನು ಚಿತ್ರಕಾರನೆನ್ನಲು ನನಗೆ ಸಂಕೋಚವಿಲ್ಲ. ಬಣ್ಣದ ನೂಲೂ ಒಂದು ಉಪಕರಣವೇ ತಾನೆ?

ನನ್ನ ಚಿಂತೆ ಬೇರೆ. ಮಮ್ಮಟನು ಕಾವ್ಯಹೇತುವನ್ನು ಹೇಳುವಲ್ಲಿ ಶಕ್ತಿ, ನಿಪುಣತೆಗಳ ಜೊತೆಗೆ ಬಲ್ಲವರ ಶಿಕ್ಷಣದಿಂದ ಬರುವ ಅಭ್ಯಾಸವನ್ನೂ ಸೇರಿಸಿದನು. ಚಿತ್ತಾರಕ್ಕೆ ಪಾಠಶಾಲೆಯಿಲ್ಲ. ನೂಲಿನ ಇನ್ನೊಂದು ತುದಿ ಹಿಡಿದ ಹುಡುಗಿ ಅಲ್ಲಿಯೇ ಕಲಿಯುತ್ತಿದ್ದಳು. ಹಾಳೆಯು ಅಂಗಡಿಯಿಂದ ಬಂದ ಮನೆಯಲ್ಲಿ ಆ ತುದಿ ಹಿಡಿಯಲು ಯಾರನ್ನೂ ಕರೆಯಬೇಕಾಗಿಲ್ಲ. ಮುಂದಿನ ಅಚ್ಚಿಗೆ ಮಾತೃಕೆ ಬರೆಯುವವರು ಯಾರು?

ಇನ್ನೊಂದು ಮಾತು. ಅಚ್ಚಿನ ಹಾಳೆಯಲ್ಲಿ ಅಂಗಡಿಯ ಹೆಸರೂ ದೂರವಾಣಿಯ ಸಂಖ್ಯೆಯೂ ಇದ್ದವು. ಮೂಲವನ್ನು ಬರೆದವಳ ಹೆಸರಿರಲಿಲ್ಲ. ಸೋಮನಾಥಪುರದಲ್ಲಿ 13ನೆಯ ಶತಮಾನದ ರೂವಾರಿ ಮಲ್ಲಿತಮ್ಮನ ಹೆಸರು ವಿಗ್ರಹಗಳ ಕೆಳಗೆ ಇಂದಿಗೂ ಓದಲು ಸಿಗುತ್ತದೆ. ಅಚ್ಚು ಹಾಕುವವರು ಅವಳಿಗೆ ಸಲ್ಲತಕ್ಕ ಹಣವನ್ನು ಸಲ್ಲಿಸಿ, ಮೂಲೆಯಲ್ಲಿ ಹೆಸರನ್ನೂ ಹಾಕಿದರೆ ಅವರ ವ್ಯಾಪಾರಕ್ಕೆ ಕುಂದೇನು?

ಆಶ್ವಯುಜದ ಭೂಮಿಹುಣ್ಣಿಮೆಗೆ ಬರೆಯುವ ಭೂಮಣ್ಣಿಬುಟ್ಟಿಗೆ ಸದ್ಯಕ್ಕೆ ಈ ಬಾಧೆ ಕಡಿಮೆ. ಉಬ್ಬುತಗ್ಗಿನ ಬಿದಿರಿನ ಮೈಗೆ ಹಾಳೆಯು ಸರಿಯಾಗಿ ಅಂಟುವುದಿಲ್ಲ.