ಏನೂ ಬೇಡದ ಮುದುಕಿ

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ನಾನು ಮೊದಲು ಓದಿದ್ದು ಮದುವೆಯಾಗಿ ಮಿಶ್ರಿಕೋಟಿಗೆ ಬಂದ ಹೊಸದರಲ್ಲಿ. ಆಗ ಅದು ಬಾಲವಿಧವೆಯೊಬ್ಬಳ ಕಥೆಯಾಗಿತ್ತು. ನನಗೇ ಅರವತ್ತು ದಾಟಿದ ಮೇಲೆ ಮತ್ತೆ ಓದಿದೆ. ಮುಪ್ಪಿನ ಕಥೆಯಾಗಿ ಕಂಡಿತು. ಜೊತೆಗೆ, ಅಷ್ಟು ಮೆಚ್ಚಿದ ಪುಸ್ತಕದ ಮೇಲೆ ಒಂದು ತಕರಾರೂ ಹುಟ್ಟಿತು.

1976ರಲ್ಲಿ ಬಂದ ಈ ಕಾದಂಬರಿ, 1840ರಲ್ಲಿ ಮಲೆನಾಡಿನಲ್ಲಿ ಹುಟ್ಟಿ 1952ರವರೆಗೆ ಬಾಳಿದ ಹೆಣ್ಣುಮಗಳೊಬ್ಬಳ ನಿಜಜೀವನವನ್ನು ಆಧರಿಸಿದ್ದು. ಆಡುವ ವಯಸ್ಸಿನಲ್ಲೇ ಅವಳ ಗಂಡ ತೀರಿಕೊಂಡ. ಮೈನೆರೆದ ಮೇಲೆ ತಲೆ ಬೋಳಿಸಿದರು. ಅಲ್ಲಿಂದ ಮುಂದೆ ಮನೆತುಂಬ ಇದ್ದವರಿಗೆ ದುಡಿದಳು, ಊರವರ ಹೆರಿಗೆಗೆ ಕೈಯಾದಳು. ಮುಂದೆ ದಾಕ್ಷಾಯಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದಾಗ ಆಕೆಯ ಪರ ನಿಂತವಳು ಈ ಮುದುಕಿಯೇ. ಕಾದಂಬರಿಯ ಅತ್ಯುತ್ತಮ ಭಾಗ ಇದು. ಮುಪ್ಪು ಮೈಯ ಬಲ ಕಸಿದುಕೊಂಡರೂ ಮಾತಿಗೆ ತೂಕ ಕೊಡುತ್ತದೆ ಎಂಬುದನ್ನು ಇಂದಿರಾ ಸದ್ದಿಲ್ಲದೆ ತೋರಿಸಿದ್ದಾರೆ.

ನನ್ನ ತಕರಾರು ಬೇರೆ. ಫಣಿಯಮ್ಮ ಉಣ್ಣುವುದು ಕಡಿಮೆ, ಉಡುವುದು ಕಡಿಮೆ, ತನಗಾಗಿ ಬೇಡುವುದಂತೂ ಇಲ್ಲವೇ ಇಲ್ಲ. ಅದಕ್ಕೇ ಅವಳು ದೊಡ್ಡವಳು ಎಂಬ ಭಾವ ಪುಸ್ತಕದ ತುಂಬ ಹರಡಿದೆ. ಬೇಡದಂತೆ ಬೆಳೆಸಿದ್ದು ಯಾರು ಎಂದು ಲೇಖಕಿ ಅಲ್ಲಲ್ಲಿ ಕೇಳಿದರೂ, ಕೊನೆಗೆ ಕೈಮುಗಿದು ಸುಮ್ಮನಾಗುತ್ತಾರೆ. ಓದುವ ನಾವೂ ಕೈಮುಗಿಯುತ್ತೇವೆ. ಏನೂ ಕೇಳದ ಮುದುಕಿಗೆ ಕೈಮುಗಿಯುವುದು ಬಹಳ ಸುಲಭ!

ನಮ್ಮ ಅತ್ತೆಯವರೂ ಹಾಗೆಯೇ ಇದ್ದರು. ಹಬ್ಬಕ್ಕೆ ಸೀರೆ ತರಲೇ ಎಂದರೆ, "ನನಗ್ಯಾಕವಾ, ಹುಡುಗರಿಗೆ ತೊಗೊ" ಅನ್ನುತ್ತಿದ್ದರು. ಬಂದವರ ಮುಂದೆಲ್ಲ ನಾನು, "ನಮ್ಮ ಅತ್ತೆಗೆ ಏನೂ ಬ್ಯಾಡ ನೋಡ್ರಿ" ಎಂದು ಹೊಗಳುತ್ತಿದ್ದೆ. 2023ರ ಜೂನ್ 11ರಿಂದ ರಾಜ್ಯದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ ಎಂದಾಯಿತು. ಕೆಲವು ದಿನಗಳಲ್ಲೇ ಎಂಬತ್ತರ ಅತ್ತೆ, ಓಣಿಯ ಇಬ್ಬರು ಮುದುಕಿಯರ ಜೊತೆ, ನಮಗೆ ಹೇಳದೆ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದರು. ನಾನು ಸಿಟ್ಟಿನಿಂದ ಕೂಗಾಡಿದೆ. ಅವರು ಕಾಲು ತೊಳೆದು, ನನ್ನ ಹಣೆಗೆ ಭಂಡಾರ ಹಚ್ಚಿ, "ಮೂವತ್ತು ವರ್ಷದಿಂದ ಮನಸ್ಸಿನ್ಯಾಗ ಇತ್ತವಾ" ಎಂದರು. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಕೂತವಳಿಗೆ ಅದು ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ. ಅವರು ಈಗಿಲ್ಲ; ಮತ್ತೆ ಫಣಿಯಮ್ಮನನ್ನು ಕೈಗೆತ್ತಿಕೊಂಡದ್ದು ಅವರು ಹೋದ ಮೇಲೆ.

2011ರ ಜನಗಣತಿಯಲ್ಲೇ ಕರ್ನಾಟಕದ ನೂರು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಅರವತ್ತು ದಾಟಿದವರಿದ್ದರು. ಮಕ್ಕಳು ಬೆಂಗಳೂರು, ಪುಣೆ ಸೇರಿದ ಮೇಲೆ ನಮ್ಮಂಥ ಊರುಗಳಲ್ಲಿ ಕಟ್ಟೆಯ ಮೇಲೆ ಉಳಿಯುವವರು ಅವರೇ. ತಂದೆತಾಯಿಗಳನ್ನು ನೋಡಿಕೊಳ್ಳಬೇಕೆಂದು 2007ರಲ್ಲಿ ಕಾನೂನು ಬಂತು. ಆ ವರ್ಷವೇ ಸಂಧ್ಯಾ ಸುರಕ್ಷಾ ಪಿಂಚಣಿಯೂ ಬಂತು. ಇವು ಬೇಕು, ನಿಜ. ಆದರೆ 'ನನಗೆ ಇಂಥದ್ದು ಬೇಕು' ಎಂದು ಮುದುಕಿ ಬಾಯಿಬಿಟ್ಟರೆ ಆಸೆಬುರುಕಿ ಎನ್ನುವ ನಮ್ಮ ನಾಲಗೆಯನ್ನು ಯಾವ ಕಾನೂನು ತಿದ್ದೀತು?

'ಫಣಿಯಮ್ಮ'ನನ್ನು ಓದಿ ಅಕ್ಕಂದಿರೇ, ಓದಲೇಬೇಕಾದ ಪುಸ್ತಕ ಅದು. ಓದಿ ಮುಗಿಸಿದ ಮೇಲೆ, ಒಳಗೆ ಕೂತ ಹಿರಿಯರಿಗೆ ಏನು ಬೇಕೆಂದು ಒಮ್ಮೆ ಕೇಳಿ. ಏನೂ ಬೇಡ ಎಂದರೆ ಎದ್ದು ಬರಬೇಡಿ. ಇನ್ನೊಮ್ಮೆ ಕೇಳಿ.