ಇಸಿಜಿ ಓದುವ ಕಂಪನಿಯೂ ಘಟ್ಟದ ಮೇಲಿನ ಎದೆನೋವೂ

ಸಿದ್ದಾಪುರ ತಾಲ್ಲೂಕಿನ ಮನ್ಮನೆಯಂಥ ಊರುಗಳಲ್ಲಿ ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ‘ಗ್ಯಾಸೇ ಇಕ್ಕು’ ಎಂದು ಕಷಾಯ ಕುಡಿಸಿ ಮಲಗಿಸುವುದುಂಟು. ಡಾ. ಚರಿತ್ ಭೋಗರಾಜ್ ಅವರ ಉದ್ಯಮವನ್ನು ತೂಗಿ ನೋಡಬೇಕಾದದ್ದು ಇಂಥ ಊರಿನಲ್ಲೇ.

ಭೋಗರಾಜ್ ಹೃದ್ರೋಗ ತಜ್ಞರು. 2015ರ ಹೊತ್ತಿಗೆ ತಂತ್ರಜ್ಞ ಗೆಳೆಯರ ಜೊತೆ ಬೆಂಗಳೂರಿನಲ್ಲಿ ‘ಟ್ರೈಕಾಗ್’ ಕಟ್ಟಿದರು. ಸಣ್ಣ ಊರಿನ ಕ್ಲಿನಿಕ್ಕಿನಲ್ಲಿ ತೆಗೆದ ಇಸಿಜಿ ಬೆಂಗಳೂರು ತಲುಪುತ್ತದೆ. ಕಂಪ್ಯೂಟರ್ ಓದಿದ್ದನ್ನು ತಜ್ಞರು ಪರಿಶೀಲಿಸಿ, ಕೆಲವೇ ನಿಮಿಷಗಳಲ್ಲಿ ವರದಿ ಕಳಿಸುತ್ತಾರೆ. ಯಂತ್ರದ ಮೇಲೊಂದು ಮನುಷ್ಯನ ಕಣ್ಣಿಟ್ಟಿದ್ದು ಭೋಗರಾಜ್ ಅವರ ವೃತ್ತಿಜೀವನದ ಅತ್ಯಂತ ವಿವೇಕದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಇಸಿಜಿಯಲ್ಲಿ ಎಸ್‌ಟಿ ಎಂಬ ಭಾಗದ ಗೆರೆ ಒಂದೆರಡು ಮಿಲಿಮೀಟರ್, ಅಂದರೆ ಇಸಿಜಿ ಕಾಗದದ ಒಂದೆರಡು ಪುಟ್ಟ ಚೌಕದಷ್ಟು ಮೇಲೆದ್ದರೂ ಸಾಕು, ಅದು ರಕ್ತನಾಳ ಕಟ್ಟಿಕೊಂಡ ಸೂಚನೆಯಾಗಬಹುದು. ನಡುರಾತ್ರಿ ಒಬ್ಬರೇ ಡ್ಯೂಟಿಯಲ್ಲಿರುವ ಎಂಬಿಬಿಎಸ್ ವೈದ್ಯರಿಗೆ ಅಷ್ಟನ್ನು ಧೈರ್ಯವಾಗಿ ಹೇಳಲು ಇನ್ನೊಬ್ಬರ ಬೆಂಬಲ ಬೇಕು.

ಕಂಪನಿಯೇ ಯಾಕೆ ಬೇಕಿತ್ತು ಎಂದು ಕೇಳಬಹುದು. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿ ವೈದ್ಯರಿಗೆ ಇಸಿಜಿ ಯಂತ್ರ ಹಂಚಿ, ವಾಟ್ಸ್ಆ್ಯಪ್ ಗುಂಪಿನಲ್ಲೇ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದ್ದಾರೆ. ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅಂಥ ಸೇವೆ ಕೆಲವರ ನಿದ್ದೆಗೆಟ್ಟ ರಾತ್ರಿಗಳ ಮೇಲೆ ನಿಂತಿರುತ್ತದೆ. ಅದನ್ನು ಪಾಳಿಯ ಕೆಲಸವಾಗಿಸಿ, ಸಂಬಳ ಕೊಟ್ಟು ನಡೆಸಿದ್ದೇ ಭೋಗರಾಜ್ ಅವರ ನಿಜವಾದ ಸಾಧನೆ.

ಕೊರತೆ ಇರುವುದು ವರದಿ ಬಂದ ನಂತರ. ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿಗೆ ಹೋಗಬೇಕೆಂದರೆ ಸಿದ್ದಾಪುರದಿಂದ ಶಿವಮೊಗ್ಗಕ್ಕೆ, ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಯಲ್ಲಾಪುರದವರಿಗೆ ಹುಬ್ಬಳ್ಳಿ ಇನ್ನೂ ಸ್ವಲ್ಪ ಹತ್ತಿರ. 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಆಗುವ ಸಾಧ್ಯತೆ ಇಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟುಬಿಡಬೇಕು ಎನ್ನುತ್ತದೆ ವೈದ್ಯಶಾಸ್ತ್ರ. ಮಳೆಗಾಲದ ನಮ್ಮ ರಸ್ತೆಗಳಲ್ಲಿ ಆ 120 ನಿಮಿಷ ಆಂಬುಲೆನ್ಸಿನಲ್ಲೇ ಕಳೆದುಹೋಗುತ್ತದೆ. ಟೆನೆಕ್ಟೆಪ್ಲೇಸ್ ಎಂಬ ಆ ದುಬಾರಿ ಔಷಧವನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇಲ್ಲದಿದ್ದರೆ, ಎಷ್ಟು ಬೇಗ ಬಂದ ವರದಿಯೂ ಬರೀ ಕಾಗದ.

ಹಾಗಾಗಿ ಎಷ್ಟು ದೇಶಗಳಿಗೆ ಹಬ್ಬಿದರು, ಎಷ್ಟು ಲಕ್ಷ ಇಸಿಜಿ ಓದಿದರು ಎಂಬ ಲೆಕ್ಕ ನನಗೆ ಮುಖ್ಯವಲ್ಲ. ವರದಿ ಬಂದ ಮೇಲೆ ಇಂಜೆಕ್ಷನ್ ಎಷ್ಟು ನಿಮಿಷದಲ್ಲಿ ರೋಗಿಯ ತೋಳಿಗೆ ಬಿತ್ತು ಎಂಬ ಲೆಕ್ಕ ಬೇಕು. ಅದೂ ತಾಲ್ಲೂಕುವಾರು, ರಾತ್ರಿ ಪಾಳಿಯದು ಬೇರೆಯಾಗಿ.