ಮುಹೂರ್ತದ ಬೆಳಕಿಗೆ ಫುಲ್‌ಫ್ರೇಮ್

ದೊಡ್ಡಬಳ್ಳಾಪುರದ ಕಲ್ಯಾಣ ಮಂಟಪದಲ್ಲಿ ಬೆಳಗಿನ ಜಾವದ ಮುಹೂರ್ತಕ್ಕೆ ಕ್ಯಾಮೆರಾ ಹಿಡಿದು ನಿಂತವರಿಗೆ ಫುಲ್‌ಫ್ರೇಮ್‌ನ ಬೆಲೆ ಗೊತ್ತು. ಹೋಮದ ಹೊಗೆ, ಮಂಕು ದೀಪ. ಐಎಸ್‌ಒ 6400ಕ್ಕೆ ಏರಿಸಿದರೂ ಸೀರೆಯ ಜರಿ ಎಳೆಎಳೆಯಾಗಿ ಕಾಣುತ್ತದೆ. ಇದು 36×24 ಮಿ.ಮೀ. ಸೆನ್ಸರ್‌ನ ಮಹಿಮೆ. ಹಳೆಯ ರೀಲಿನ ಒಂದು ಫ್ರೇಮಿನಷ್ಟೇ ಅಳತೆ. ಎಪಿಎಸ್–ಸಿ ಎಂಬ ಚಿಕ್ಕ ಸೆನ್ಸರ್‌ಗಿಂತ ಎರಡು ಪಟ್ಟಿಗೂ ಹೆಚ್ಚು ವಿಸ್ತೀರ್ಣ. ಎಪಿಎಸ್–ಸಿಯಲ್ಲಿ 75ರಂತೆ ಬಿಗಿಯಾಗುವ 50 ಮಿ.ಮೀ. ಲೆನ್ಸ್ ಇಲ್ಲಿ ಪೂರ್ತಿ ಅಗಲಕ್ಕೆ ನೋಡುತ್ತದೆ. ನೆಂಟರ ನಡುವೆ ಹಿಂದೆ ಸರಿಯಲು ಜಾಗವಿಲ್ಲದಾಗ ಅದೇ ದೊಡ್ಡ ಉಪಕಾರ.

2008ರಲ್ಲಿ ಪ್ರಕಟವಾದ ಕ್ಯಾನನ್ 5ಡಿ ಮಾರ್ಕ್ 2 ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಫುಲ್ ಎಚ್‌ಡಿ ವಿಡಿಯೊ ತಂದಿತು. 2018ರ ಸೋನಿ ಎ7 ಮಾರ್ಕ್ 3ರಲ್ಲಿ 24 ಮೆಗಾಪಿಕ್ಸೆಲ್, 4ಕೆ ವಿಡಿಯೊ, ಕೈನಡುಕ ತಡೆಯುವ ವ್ಯವಸ್ಥೆ, ಎರಡು ಕಾರ್ಡ್‌ಗೆ ಜಾಗ ಎಲ್ಲವೂ ಒಂದೇ ಬಾಡಿಯಲ್ಲಿ. ಮದುವೆಗೆ ಆ ಎರಡನೇ ಕಾರ್ಡ್ ಬೇಕೇ ಬೇಕು. ತಾಳಿ ಕಟ್ಟುವುದಕ್ಕೆ ರೀಟೇಕ್ ಇಲ್ಲ.

ಆಲ್ಬಮ್‌ಗೆ 24 ಮೆಗಾಪಿಕ್ಸೆಲ್ ಧಾರಾಳ. ವಿಡಿಯೊಗೆ ಸೆಕೆಂಡಿಗೆ 25 ಫ್ರೇಮ್, ಷಟರ್ 1/50 ಇಟ್ಟರೆ ನಮ್ಮ 50 ಹರ್ಟ್ಸ್ ಕರೆಂಟಿನ ಟ್ಯೂಬ್‌ಲೈಟ್ ಮಿನುಗದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ಧೂಳಿಗೂ ಕ್ಯಾಮೆರಾ ಹೆಗಲಿಗೇರಿಸುವವರು ಬಾಡಿಯ ಸೀಲಿಂಗ್ ವಿಚಾರಿಸಲಿ. ಹಿಂದಿನ ಮಾಡೆಲ್ ಕೊಂಡು ಉಳಿದ ದುಡ್ಡನ್ನು ಒಂದು ಎಫ್/1.8 ಲೆನ್ಸಿಗೆ ಹಾಕುವುದೇ ಜಾಣತನ.